ಡಿಕ್ಕಿಯಲ್ಲಿ ಬ್ಯಾಟರಿ ಇರುವ ಕಾರಿಗೆ ಜಂಪ್ ಸ್ಟಾರ್ಟರ್: ಕರಾವಳಿಯ ಉಪ್ಪುಗಾಳಿಯಲ್ಲಿ ಬಳಸಿದ ಮೇಲೆ

12,000 ಎಂಎಎಚ್ (ಮಿಲಿಆಂಪಿಯರ್-ಅವರ್) ಸಾಮರ್ಥ್ಯದ, ಮೈಮೇಲೆ 1000 ಆಂಪಿಯರ್ ಪೀಕ್ ಎಂದು ಬರೆದುಕೊಂಡ ಲಿಥಿಯಂ ಜಂಪ್ ಸ್ಟಾರ್ಟರ್ ಇದು: ಬ್ಯಾಟರಿ ಸತ್ತ ಕಾರಿನ ಎಂಜಿನ್ ಹತ್ತಿಸಲು ಕರೆಂಟು ಕೊಡುವ ಪೆಟ್ಟಿಗೆ. ಕಾರವಾರದಿಂದ ಹೊನ್ನಾವರದವರೆಗಿನ ಕರಾವಳಿಯಲ್ಲೂ ಘಟ್ಟದ ಮೇಲಿನ ಶಿರಸಿಯಲ್ಲೂ ಬೇಸಿಗೆ, ಮಳೆಗಾಲ ಎರಡನ್ನೂ ಕಂಡಿದೆ. ಬ್ಯಾಟರಿ ಸುಲಭವಾಗಿ ಕೈಗೆ ಸಿಗದ ಕಾರುಗಳಿಗೆ, ಇನ್ನೊಂದು ಕಾರಿನ ಬ್ಯಾಟರಿಯಿಂದ ಕರೆಂಟು ತರುವ ಜಂಪರ್ ಕೇಬಲ್‌ಗಿಂತ ಇದೇ ಮೇಲು ಎಂಬುದು ನಮ್ಮ ತೀರ್ಮಾನ. ದೇವಿಮನೆ ಘಟ್ಟದ ತಿರುವಿನಲ್ಲಿ, ಸುರಿಯುವ ಮಳೆಯಲ್ಲಿ, ಇನ್ನೊಂದು ಕಾರನ್ನು ಎದುರಾಬದುರು ತಂದು ನಿಲ್ಲಿಸುವುದೇ ಅಪಾಯ. ಇದಕ್ಕೆ ಆ ಎರಡನೇ ಕಾರು ಬೇಡ.

ಬಿಎಂಡಬ್ಲ್ಯು 3 ಸೀರೀಸ್‌ನ ಹಲವು ಮಾದರಿಗಳಲ್ಲಿ ಬ್ಯಾಟರಿ ಡಿಕ್ಕಿಯ ಬದಿಯಲ್ಲಿ ಅಡಗಿರುತ್ತದೆ. ಮೊದಲ ಪೀಳಿಗೆಯ ಆಡಿ ಕ್ಯೂ7ನಲ್ಲಿ ಅದು ಮುಂದಿನ ಸೀಟಿನ ಕೆಳಗೆ. ಇಂಥ ಕಾರುಗಳಲ್ಲಿ ಸೀಟು ಬಿಚ್ಚುವ ಕೆಲಸಕ್ಕೆ ಹೋಗಬೇಡಿ. ಬಾನೆಟ್ ಒಳಗೆ + ಗುರುತಿನ ಮುಚ್ಚಳವಿರುವ ಟರ್ಮಿನಲ್ಲನ್ನೂ, ಅದಕ್ಕೆ ಜೊತೆಯಾಗಿ ಬಾಡಿಗೋ ಎಂಜಿನ್ನಿಗೋ ಬಿಗಿದ, ಮೈನಸ್ಸಿನ ಕೆಲಸ ಮಾಡುವ ಅರ್ಥ್ ಬೋಲ್ಟನ್ನೂ ಕಂಪನಿಯೇ ಕೊಟ್ಟಿರುತ್ತದೆ. ಎಲ್ಲಿದೆ ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಹಗಲಲ್ಲಿ, ಮನೆ ಅಂಗಳದಲ್ಲೇ ಒಮ್ಮೆ ಹುಡುಕಿ ನೋಡಿಟ್ಟುಕೊಳ್ಳಿ.

ಬ್ಯಾಟರಿ ಪೂರ್ತಿ ಸತ್ತರೆ ರಿಮೋಟ್ ಕೆಲಸ ಮಾಡುವುದಿಲ್ಲ, ಕರೆಂಟಿನ ಲಾಕಿರುವ ಡಿಕ್ಕಿಯೂ ತೆರೆಯುವುದಿಲ್ಲ. ರಿಮೋಟಿನೊಳಗೆ ಅಡಗಿಸಿಟ್ಟ ಲೋಹದ ಕೀಲಿಯಿಂದ ಚಾಲಕನ ಬಾಗಿಲು ತೆರೆಯಿರಿ. ಬಾನೆಟ್ ಎಳೆಯುವ ಹಿಡಿಕೆ ಹೆಚ್ಚಿನ ಕಾರುಗಳಲ್ಲಿ ಬರೀ ತಂತಿಯದ್ದು, ಅದಕ್ಕೆ ಕರೆಂಟು ಬೇಡ. ಬಾನೆಟ್ ಟರ್ಮಿನಲ್ಲಿಗೆ ಜಂಪ್ ಸ್ಟಾರ್ಟರ್ ಕೊಟ್ಟ ಮೇಲೆ ಡಿಕ್ಕಿಯ ಲಾಕಿಗೂ ಜೀವ ಬರುತ್ತದೆ. ಆದ್ದರಿಂದ ಜಂಪ್ ಸ್ಟಾರ್ಟರನ್ನು ಮಾತ್ರ ಎಂದಿಗೂ ಡಿಕ್ಕಿಯಲ್ಲಿ ಇಡಬೇಡಿ!

ಜೋಡಿಸುವ ಕ್ರಮ ಬದಲಿಸುವಂತಿಲ್ಲ. ಇಗ್ನಿಷನ್, ಲೈಟು, ಎಸಿ ಎಲ್ಲ ಆಫ್. ಗೇರು ನ್ಯೂಟ್ರಲ್ಲಿನಲ್ಲಿ, ಆಟೊಮ್ಯಾಟಿಕ್ ಆದರೆ ಪಿ. ಹ್ಯಾಂಡ್ ಬ್ರೇಕ್ ಎಳೆದಿರಲಿ. ಕೆಂಪು ಕ್ಲಿಪ್ಪನ್ನು + ಟರ್ಮಿನಲ್ಲಿಗೆ, ಆಮೇಲೆ ಕಪ್ಪು ಕ್ಲಿಪ್ಪನ್ನು ಅರ್ಥ್ ಬೋಲ್ಟಿಗೆ ಕಚ್ಚಿಸಿ. ಕೇಬಲ್ಲಿನ ಪ್ಲಗ್ ಜಂಪ್ ಸ್ಟಾರ್ಟರಿಗೆ ಸೇರುವುದು ಕೊನೆಗೆ. ಹಸಿರು ದೀಪ ಬಂದರೆ ಸೆಲ್ಫ್ ಹೊಡೆಯಿರಿ, ಮೂರು ಸೆಕೆಂಡಿಗಿಂತ ಹೆಚ್ಚು ಬೇಡ. ಹತ್ತದಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೊಮ್ಮೆ. ಎಂಜಿನ್ ಹತ್ತಿದ ಕೂಡಲೇ ಪ್ಲಗ್ ಕಿತ್ತು, ಕಪ್ಪು, ನಂತರ ಕೆಂಪು ತೆಗೆಯಿರಿ. ತಡಮಾಡಿದರೆ, ಎಂಜಿನ್ ಓಡುವಾಗ ಕರೆಂಟು ಮಾಡುವ ಆಲ್ಟರ್ನೇಟರಿನ 14 ವೋಲ್ಟ್ ಹಿಂದಕ್ಕೆ ಹರಿದು ಲಿಥಿಯಂ ಸೆಲ್ಲುಗಳಿಗೆ ಪೆಟ್ಟು ಕೊಡಬಹುದು.

ಬ್ಯಾಟರಿ ಕಣ್ಣಿಗೆ ಬಿದ್ದರೂ ಕಪ್ಪು ಕ್ಲಿಪ್ಪನ್ನು ಅದರ ಮೈನಸ್ಸಿಗೆ ಹಾಕದಿರುವುದಕ್ಕೆ ಎರಡು ಕಾರಣ. ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಕ್ಲಿಪ್ ತಾಗುವಾಗ ಹಾರುವ ಕಿಡಿ ಅದು ಹೊತ್ತಿಕೊಳ್ಳಲು ಸಾಕು. ಇನ್ನೊಂದು, ಈಗಿನ ಅನೇಕ ಕಾರುಗಳಲ್ಲಿ ಮೈನಸ್ ಟರ್ಮಿನಲ್ಲಿನ ಮೇಲೆ ಕರೆಂಟು ಅಳೆಯುವ ಸೆನ್ಸರ್ ಕೂತಿರುತ್ತದೆ. ಅದನ್ನು ತಪ್ಪಿಸಿ ಕರೆಂಟು ಕೊಟ್ಟರೆ ಬ್ಯಾಟರಿಯ ಲೆಕ್ಕ ತಪ್ಪುತ್ತದೆ.

ಕರಾವಳಿಯ ನಿಜವಾದ ತೊಂದರೆ ಇರುವುದು ಅರ್ಥಿನಲ್ಲಿ. ಕಾರವಾರದ ಕಡಲತೀರದ ಪಕ್ಕ ನಿಲ್ಲುವ ಕಾರಿನ ಅರ್ಥ್ ಬೋಲ್ಟ್ ನೋಡಿದರೆ ತುಕ್ಕು ಹಿಡಿದಿರುತ್ತದೆ, ಕ್ಲಿಪ್ಪಿನ ತಾಮ್ರದ ಹಲ್ಲಿಗೆ ಹಸಿರು ಕಿಲುಬು. ಹಸಿರು ದೀಪ ಬಂದೂ ಸೆಲ್ಫ್ ಬರೀ ಟಕಟಕ ಎನ್ನುವುದು ಹೆಚ್ಚಾಗಿ ಇದರಿಂದಲೇ. ದೀಪಕ್ಕೆ ಚೂರು ಕರೆಂಟು ಸಾಕು, ಸ್ಟಾರ್ಟರ್ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. 150 ಆಂಪಿಯರ್ ಹರಿಯುವಾಗ ಜೋಡಣೆಯಲ್ಲಿ 0.02 ಓಮ್ ತಡೆ ಇದ್ದರೂ 3 ವೋಲ್ಟ್ ಅಲ್ಲೇ ಖರ್ಚು. ಜಂಪ್ ಸ್ಟಾರ್ಟರ್ ಕೆಟ್ಟಿತೆಂದು ಜನ ಬೈಯುವುದು ಇಲ್ಲಿಯೇ. ಬೋಲ್ಟಿನ ತಲೆಯನ್ನು ಸ್ಯಾಂಡ್ ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ, ಕ್ಲಿಪ್ಪನ್ನು ಎರಡು ಸಲ ಅತ್ತಿತ್ತ ತಿರುಗಿಸಿ ಕಚ್ಚಿಸಿ. ಮಳೆಗಾಲಕ್ಕೆ ಮುಂಚೆ ಉಜ್ಜಿ ಪೆಟ್ರೋಲಿಯಂ ಜೆಲ್ಲಿ ಸವರಿಟ್ಟರೆ ಇನ್ನೂ ಒಳ್ಳೆಯದು.

ಬ್ಯಾಟರಿ ತೀರಾ ಬತ್ತಿದ್ದರೆ ಜಂಪ್ ಸ್ಟಾರ್ಟರಿಗೆ ಅದು ಇರುವುದೇ ಗೊತ್ತಾಗುವುದಿಲ್ಲ, ದೀಪ ಬರುವುದಿಲ್ಲ. ಆಗ ಬೂಸ್ಟ್ ಗುಂಡಿ ಒತ್ತಬೇಕು. ಅದನ್ನು ಒತ್ತಿದರೆ ಪ್ಲಸ್-ಮೈನಸ್ ಅದಲುಬದಲಾದಾಗ ಕಾಪಾಡುವ ವ್ಯವಸ್ಥೆ ಈ ಮಾದರಿಯಲ್ಲಿ ಬಂದ್ ಆಗುತ್ತದೆ. ಟಾರ್ಚ್ ಹಾಕಿ + ಗುರುತು ನೋಡದೆ ಆ ಗುಂಡಿ ಮುಟ್ಟಲೇಬೇಡಿ.

ಎಂಎಎಚ್ ಎಂಬ ಅಂಕಿಗೆ ಮರುಳಾಗಬೇಡಿ. ಅದು 3.7 ವೋಲ್ಟಿನ ಲೆಕ್ಕ: 12,000 ಎಂಎಎಚ್ ಎಂದರೆ ಸುಮಾರು 44 ವ್ಯಾಟ್-ಅವರ್. 45 ಎಎಚ್ ಕಾರ್ ಬ್ಯಾಟರಿಯಲ್ಲಿ 540 ಇರುತ್ತದೆ. ಇದು ಎಂಜಿನ್ ಹತ್ತಿಸುತ್ತದೆಯೇ ಹೊರತು ಬ್ಯಾಟರಿ ತುಂಬಿಸುವುದಿಲ್ಲ. ಪೀಕ್ ಆಂಪಿಯರ್ ಕೂಡ ಕ್ಷಣಮಾತ್ರದ್ದು. 1.2 ಲೀಟರ್ ಪೆಟ್ರೋಲಿಗೆ ಇದು ಧಾರಾಳ, 2 ಲೀಟರ್ ಡೀಸೆಲ್ಲಿಗೆ ತುಂಬ ಚಾರ್ಜ್ ಇದ್ದಾಗ ಮಾತ್ರ ನೆಚ್ಚಬಹುದು. ಅದಕ್ಕಿಂತ ದೊಡ್ಡ ಎಂಜಿನ್ನಿಗೆ ಮೇಲಿನ ದರ್ಜೆಯದನ್ನೇ ಕೊಳ್ಳಿ.

ಟೊಯೋಟಾ ಪ್ರಿಯಸ್‌ನಂಥ ಹೈಬ್ರಿಡ್ಡಿಗೆ ಇಷ್ಟೂ ಬೇಡ. ಅಲ್ಲಿ 12 ವೋಲ್ಟ್ ಬ್ಯಾಟರಿ ಕಂಪ್ಯೂಟರನ್ನು ಎಚ್ಚರಿಸಿದರೆ ಸಾಕು, ಎಂಜಿನ್ ತಿರುಗಿಸುವುದು ದೊಡ್ಡ ಬ್ಯಾಟರಿ. ಆ ದೊಡ್ಡ ಬ್ಯಾಟರಿಯ ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ಲುಗಳ ಹತ್ತಿರ ಮಾತ್ರ ಕೈ ಸುಳಿಯಬಾರದು.

ಬಳಸುತ್ತ ಬಂದಂತೆ ಕೆಟ್ಟದ್ದು: ಕ್ಲಿಪ್ಪಿನ ಸ್ಪ್ರಿಂಗಿಗೆ ತುಕ್ಕು, ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಸಡಿಲ. ಸೆಲ್ಲುಗಳು ಚೆನ್ನಾಗಿವೆ, ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡುವ ರೂಢಿ ಇದ್ದುದರಿಂದ. ಏಪ್ರಿಲ್, ಮೇ ಬಿಸಿಲಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಬಿಡಬಾರದು, ಅಲ್ಲಿ 60 ಡಿಗ್ರಿ ದಾಟುವುದು ಕಷ್ಟವಲ್ಲ. ಸೀಟಿನ ಕೆಳಗಿಡಿ, ಕಾರು ದಿನವಿಡೀ ಬಿಸಿಲಲ್ಲಿ ನಿಲ್ಲುವುದಾದರೆ ಒಳಗೆ ಒಯ್ಯಿರಿ. ಉಬ್ಬಿದ ಜಂಪ್ ಸ್ಟಾರ್ಟರನ್ನು ಮತ್ತೆ ಬಳಸಬೇಡಿ. ಉಬ್ಬಿದ, ಬಿರಿದ, ಆಸಿಡ್ ಸೋರುವ ಕಾರ್ ಬ್ಯಾಟರಿಗೂ ಜಂಪ್ ಕೊಡಬೇಡಿ.

ಶಿರಸಿಯ ಕಡೆ ಉಪ್ಪಿನ ಕಾಟವಿಲ್ಲ. ಅಲ್ಲಿ ಮಳೆಗಾಲದಲ್ಲಿ ತೋಟದ ಮನೆಯ ಮುಂದೆ ವಾರಗಟ್ಟಲೆ ನಿಲ್ಲುವುದೇ ಕಾರಿನ ಕಷ್ಟ. ಅಲಾರಂ, ಕಂಪ್ಯೂಟರ್ ಸೇರಿ 50 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 1.2 ಎಎಚ್, ಮೂರು ವಾರಕ್ಕೆ 25. ಜಂಪ್ ಕೊಟ್ಟು ಹತ್ತಿಸಿ ಪೇಟೆಗೆ ಹೋಗಿ ಬಂದರೆ ಅದು ತುಂಬುವುದಿಲ್ಲ. ಚಾರ್ಜರಿಗೆ ರಾತ್ರಿಯಿಡೀ ಹಾಕಿ, ತೆಗೆದು ಕೆಲವು ಗಂಟೆ ಬಿಟ್ಟು ಮಲ್ಟಿಮೀಟರಿನಲ್ಲಿ ನೋಡಿ: 12.6 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆ, 12.2ಕ್ಕೆ ಇಳಿದರೆ ಅದು ಹಿಡಿದಿಡುತ್ತಿಲ್ಲ, ಹೊಸದನ್ನು ಹಾಕಿಸಿ.