ಬಿಬಿ ರಸ್ತೆಯ ಕ್ಯಾಸೆಟ್ ಭಾಯ್, ಅಪ್ಪನ ಕಿಶೋರ್, ನನ್ನ ಕಳ್ಳಕೆಲಸ

ಅರ್ಜೆಂಟ್ ಇರುವವರು ಈ ಅಂಗಡಿಗೆ ಹೋಗಬೇಡಿ. ನಮಗೆ ಎರಡು ವಾರ ಅಂದವರು ಐದು ವಾರ ಮಾಡಿದರು. ಫೋನ್ ಮಾಡಿದರೆ ಎತ್ತುವುದಿಲ್ಲ. ಬಿಲ್ ಕೇಳಿದರೆ ಸಿಗರೇಟ್ ಪ್ಯಾಕಿನ ಹಿಂದೆ ಬರೆದು ಕೊಡುತ್ತಾರೆ. ಕೂರಲು ಒಂದೇ ಸ್ಟೂಲ್, ಅದಕ್ಕೂ ಒಂದು ಕಾಲು ಗಿಡ್ಡ. ಇಷ್ಟಾದರೂ ಮನೆಯಲ್ಲಿ ಉಳಿದಿರುವ 43 ಕ್ಯಾಸೆಟ್ಟನ್ನೂ ನಾನು ಅಲ್ಲಿಗೇ ಕೊಡುವವಳು.

ಅಂಗಡಿ ಇರುವುದು ಚಿಕ್ಕಬಳ್ಳಾಪುರದಲ್ಲಿ, ಬಿಬಿ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯಲ್ಲಿ. ಬೋರ್ಡಿನಲ್ಲಿ ಕಾರ್ ಸ್ಟೀರಿಯೋ ಫಿಟ್ಟಿಂಗ್ ಎಂದಷ್ಟೇ ಇದೆ. ಒಳಗೆ ಹಳೇ ಕ್ಯಾಸೆಟ್ಟಿನಲ್ಲಿರುವ ಹಾಡುಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಡುವ ಕೆಲಸವೂ ನಡೆಯುತ್ತದೆ. ಹೆಸರು ಹಾಕಿ ಬರೆಯಲಾ ಎಂದು ಕೇಳಿದೆ. "ಬೇಡಿ ಟೀಚರಮ್ಮ, ಇರೋ ಕೆಲಸಾನೇ ಮುಗೀತಿಲ್ಲ" ಎಂದರು. ಹಾಗಾಗಿ ಇಲ್ಲಿ ಅವರು ಬರೀ ಭಾಯ್.

ಕ್ಯಾಸೆಟ್ಟುಗಳು ಅಪ್ಪನದು. ಅಪ್ಪನಿಗೆ ಈಗ 79. ಶಿಡ್ಲಘಟ್ಟದಲ್ಲಿ ಮೂವತ್ತು ವರ್ಷ ರೇಷ್ಮೆ ನೂಲು ಬಿಚ್ಚಿಸಿದವರು. ಮನೆ ಹಿಂದೆಯೇ ನಾಲ್ಕು ಚರಕ, ಕುದಿಯುವ ನೀರು, ಬೆಂದ ಗೂಡಿನ ವಾಸನೆ. ಆ ವಾಸನೆ ಗೊತ್ತಿದ್ದವರಿಗೆ ಗೊತ್ತು, ಗೊತ್ತಿಲ್ಲದವರಿಗೆ ಹೇಳಿ ಪ್ರಯೋಜನವಿಲ್ಲ. ಒಲೆ ಹೊತ್ತಿಸಿದ ಸ್ವಲ್ಪ ಹೊತ್ತಿಗೆ ರೇಡಿಯೋ ಶುರು. ಕೆಲಸಕ್ಕೆ ಬರುವವರಲ್ಲಿ ಅರ್ಧ ಜನ ಕನ್ನಡದವರು, ಅರ್ಧ ಜನ ದಖನಿ ಉರ್ದು ಮಾತಾಡುವವರು. ಗೂಡು ತರುವ ರೈತರ ಬಾಯಲ್ಲಿ ತೆಲುಗು. ಯಾವ ಭಾಷೆಯ ಹಾಡು ಹಾಕಿದರೂ ಒಬ್ಬರಲ್ಲ ಒಬ್ಬರು ಮುಖ ಸಿಂಡರಿಸುತ್ತಿದ್ದರು. ಹಿಂದಿ ಹಾಡಿಗೆ ಮಾತ್ರ ಯಾರ ತಕರಾರೂ ಇರಲಿಲ್ಲ. ನಾನು ಇವತ್ತು ಹೈಸ್ಕೂಲಿನಲ್ಲಿ ಹಿಂದಿ ಪಾಠ ಮಾಡುತ್ತಿದ್ದರೆ ಅದಕ್ಕೆ ಆ ರೇಡಿಯೋನೇ ಕಾರಣ. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ 'ಬೆಹನೋ ಔರ್ ಭಾಯಿಯೋ' ಕೇಳಿಸಿದರೆ ಮುಗಿಯಿತು. ಅಪ್ಪನಿಗೆ ಊಟ ಆರಿದ್ದೂ ಗೊತ್ತಾಗುತ್ತಿರಲಿಲ್ಲ.

ಕೇಳಿದ್ದನ್ನೆಲ್ಲ ಅಪ್ಪ ರೆಕಾರ್ಡ್ ಮಾಡಿಟ್ಟಿದ್ದರು. ಒಟ್ಟು 83 ಕ್ಯಾಸೆಟ್, ಅಟ್ಟದ ಮೇಲೆ ತಗಡಿನ ಟ್ರಂಕಿನಲ್ಲಿ. ಹೋದ ವರ್ಷ ಇಳಿಸಿ ನೋಡಿದರೆ ಕೆಲವಕ್ಕೆ ಬೂಷ್ಟು ಹಿಡಿದಿತ್ತು.

ಮೊದಲು ಮೂರನ್ನು ಬೆಂಗಳೂರಿನ ಒಂದು ಕಡೆ ಕೊಟ್ಟಿದ್ದೆವು. ಏಸಿ ರೂಮು, ಪ್ರಿಂಟಾದ ಬಿಲ್ಲು, ನಾಲ್ಕೇ ದಿನದಲ್ಲಿ ಕೆಲಸ. ಆದರೆ ಗುಂಯ್ ಅನ್ನುವ ಶಬ್ದ ತೆಗೆಯುತ್ತೇವೆ ಎಂದು ಹಾಡಿನ ಮೇಲ್ದನಿಯನ್ನೂ ಉಜ್ಜಿ ಹಾಕಿದ್ದರು. ಲತಾ ಮಂಗೇಶ್ಕರ್ ಬಕೆಟ್ಟಿನೊಳಗೆ ಮುಖ ಇಟ್ಟುಕೊಂಡು ಹಾಡಿದ ಹಾಗಿತ್ತು. ಅಪ್ಪ ಎರಡು ನಿಮಿಷ ಕೇಳಿದರು. "ಯಾರಮ್ಮ ಇವಳು?" ಎಂದು ಕೇಳಿ ಎದ್ದು ಹೋದರು.

ಭಾಯ್ ಕೆಲಸ ಬೇರೆ ಥರ. ಮೊದಲ ದಿನ ಕ್ಯಾಸೆಟ್ ಹಾಕಲೇ ಇಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಸ್ಕ್ರೂ ಇರುವುದು ಒಂದು ಕಡೆ, ಅಂಟಿಸಿ ಮುಚ್ಚಿದ್ದು ಇನ್ನೊಂದು ಕಡೆ ಇಟ್ಟರು. ಟೇಪಿನ ಹಿಂದೆ ಒಂದು ಪುಟ್ಟ ಸ್ಪಂಜಿನ ತುಂಡು ಇರುತ್ತದೆ. ಟೇಪನ್ನು ಹೆಡ್ಡಿಗೆ, ಅಂದರೆ ಪ್ಲೇಯರಿನಲ್ಲಿ ಟೇಪಿನಿಂದ ದನಿ ಎತ್ತುವ ಭಾಗಕ್ಕೆ, ಒತ್ತಿ ಹಿಡಿಯುವುದು ಅದೇ. ಅದರ ಗೋಂದು ಒಣಗಿ ಆರು ಕ್ಯಾಸೆಟ್ಟಿನಲ್ಲಿ ಅದು ಬಿದ್ದೇ ಹೋಗಿತ್ತು. ಹಾಗೇ ಹಾಕಿದರೆ ದನಿ ಬಂದು ಬಂದು ಹೋಗುತ್ತದಂತೆ. ಚಿಮಟಿಗೆಯಲ್ಲಿ ಹೊಸ ತುಂಡು ಕೂರಿಸಿದರು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಹೆಡ್ ಒರೆಸಿದರು. ಕಡ್ಡಿ ಕಂದು ಬಣ್ಣಕ್ಕೆ ತಿರುಗಿತು. ಇನ್ನೊಂದು ಕಡ್ಡಿ. ಅದೂ ಬೆಳ್ಳಗೆ ಬರುವವರೆಗೆ ಬಿಡಲಿಲ್ಲ. ಆಮೇಲೆ ಪ್ರತಿ ಕ್ಯಾಸೆಟ್ಟನ್ನೂ ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಓಡಿಸಿದರು. ವರ್ಷಾನುಗಟ್ಟಲೆ ಅಂಟಿಕೊಂಡಿದ್ದ ಸುತ್ತು ಬಿಡಿಸಿಕೊಳ್ಳಲಿ ಅಂತ.

ನನಗೆ ಬಹಳ ಇಷ್ಟವಾಗಿದ್ದು ಅದರ ಮುಂದಿನ ಕೆಲಸ. ಹಾಡು ಓಡುತ್ತಿರುವಾಗಲೇ ಹೆಡ್ಡಿನ ಪಕ್ಕದ ಒಂದು ಸ್ಕ್ರೂವಿಗೆ ಸಣ್ಣ ಸ್ಕ್ರೂಡ್ರೈವರ್ ಕೊಟ್ಟು, ಕಣ್ಣು ಮುಚ್ಚಿ, ಎಳ್ಳಷ್ಟು ತಿರುಗಿಸಿದರು. ಮಬ್ಬಾಗಿದ್ದ ತಬಲಾ ಟಣ್ ಅಂತ ಎದ್ದು ಬಂತು. ನಿಮ್ಮಪ್ಪನ ಟೇಪ್ ರೆಕಾರ್ಡರ್‌ನಲ್ಲಿ ಹೆಡ್ ಎಷ್ಟು ಓರೆ ಇತ್ತೋ ಇಲ್ಲೂ ಅಷ್ಟೇ ಓರೆ ಇರಬೇಕು, ಆಗಲೇ ಪೂರ್ತಿ ದನಿ ಬರುತ್ತದೆ ಎಂದರು. ಬೆಂಗಳೂರಿನವರು ಕಂಪ್ಯೂಟರ್‌ನಲ್ಲಿ ಹುಡುಕಿದ್ದನ್ನು ಇವರು ಸ್ಕ್ರೂಡ್ರೈವರ್‌ನಲ್ಲಿ ತೆಗೆದುಕೊಟ್ಟರು.

ತಡವಾಗುವುದೇಕೆ ಅನ್ನುವುದಕ್ಕೂ ಲೆಕ್ಕ ಇದೆ. ಮೊದಲ ಕಂತಿನಲ್ಲಿ ಕೊಟ್ಟಿದ್ದು 40. ಅದರಲ್ಲಿ 26 ಸಿ-60, ಅಂದರೆ ಒಂದು ಗಂಟೆಯದು. 14 ಸಿ-90, ಅಂದರೆ ಒಂದೂವರೆ ಗಂಟೆಯದು. ಕ್ಯಾಸೆಟ್ ಎಷ್ಟು ಹೊತ್ತು ಹಾಡುತ್ತದೋ ಇಳಿಸುವುದಕ್ಕೂ ಅಷ್ಟೇ ಹೊತ್ತು ಬೇಕು. ಅಂದರೆ 47 ಗಂಟೆ ಬರೀ ಓಡಿಸುವುದಕ್ಕೇ. ಸಿ-90 ಟೇಪ್ ತೆಳುವಾದ್ದರಿಂದ ಪಕ್ಕದಲ್ಲೇ ಕೂತಿರಬೇಕು, ಸಿಕ್ಕಿಕೊಂಡರೆ ಹರಿಯುತ್ತದೆ. ನಡುವೆ ಯಾರೋ ಕಾರ್ ತಂದು ಹಾರ್ನ್ ಹೊಡೆಯುತ್ತಾರೆ.

ಆದರೆ ಅಸಲಿ ತಡಕ್ಕೆ ಕಾರಣ ನಮ್ಮ ಅಪ್ಪ. ಒಂದು ಶನಿವಾರ ಜೊತೆಗೆ ಕರೆದುಕೊಂಡು ಹೋಗಿದ್ದೇ ತಪ್ಪಾಯಿತು. ಗೋಡೆಯ ಮೇಲೆ ಮೊಹಮ್ಮದ್ ರಫಿ ಫೋಟೋ ಇದೆ, ಅದಕ್ಕೊಂದು ಪ್ಲಾಸ್ಟಿಕ್ ಹೂವಿನ ಹಾರ. ಅದರ ಕೆಳಗೆ ಭಾಯ್ ಮಗ ಅಂಟಿಸಿದ ಶಾರುಖ್ ಖಾನ್ ಪೋಸ್ಟರ್. ಅಪ್ಪ ಸ್ಟೂಲಿನ ಮೇಲೆ ಕೂತವರೇ ಫೋಟೋ ನೋಡಿ, "ಕಿಶೋರ್‌ದು ಇಲ್ವಾ?" ಎಂದರು. ಶುರುವಾಯಿತು.

"ಕಿಶೋರ್ ಕನ್ನಡದಲ್ಲೂ ಹಾಡಿದ್ದಾನೆ, ಗೊತ್ತಾ?" ಎಂದರು ಅಪ್ಪ. 'ಕುಳ್ಳ ಏಜೆಂಟ್ 000' ಚಿತ್ರದ 'ಆಡು ಆಟ ಆಡು'.

"ಅದು 72ರಲ್ಲಿ ಸಾರ್. ನಮ್ಮ ರಫಿ ಸಾಬ್ 67ರಲ್ಲೇ ಹಾಡಿಬಿಟ್ಟಿದ್ದರು, 'ನೀನೆಲ್ಲಿ ನಡೆವೆ ದೂರ'" ಎಂದರು ಭಾಯ್. ಕೈ ಕೆಲಸ ಬಿಟ್ಟು ಎರಡು ಸಾಲು ಹಾಡಿಯೂ ತೋರಿಸಿದರು. ಅಪ್ಪ ಸೋಲಲಿಲ್ಲ. ಕಿಶೋರ್ ಆ್ಯಕ್ಟಿಂಗೂ ಮಾಡಿದ್ದಾನೆ, ಹಾಡೂ ಹಾಡಿದ್ದಾನೆ, ನಿಮ್ಮ ರಫಿ ಮಾಡಿದ್ದು ಒಂದೇ ಕೆಲಸ ಎಂದರು. ಭಾಯ್ ಇದಕ್ಕೇ ಕಾದಿದ್ದರು ಅನ್ನಿಸುತ್ತದೆ.

"1958, 'ರಾಗಿಣಿ' ಪಿಕ್ಚರ್ ಸಾರ್. ತೆರೆ ಮೇಲೆ ಕಿಶೋರ್ ಕುಮಾರ್. ಹಿಂದೆ ದನಿ ಯಾರದು? ರಫಿ ಸಾಬ್‌ದು. ನಿಮ್ಮ ಕಿಶೋರ್ ಬರೀ ಬಾಯಿ ಆಡಿಸಿದ್ದು!"

ಅಪ್ಪನಿಗೆ ಇದು ಗೊತ್ತಿರಲಿಲ್ಲ. ಸುಳ್ಳು ಎಂದರು. ಮೊಬೈಲಿನಲ್ಲಿ ಹಾಕಿ ತೋರಿಸಿದರೆ ನಿಜ! 'ಮನ್ ಮೋರಾ ಬಾವ್ರಾ' ಹಾಡು. ಅಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಟೀ ಬಂತು. ಆವತ್ತು ಒಂದು ಕ್ಯಾಸೆಟ್ಟೂ ಇಳಿಯಲಿಲ್ಲ.

ನನ್ನ ಕಳ್ಳಕೆಲಸ ಸಿಕ್ಕಿಬಿದ್ದಿದ್ದು ಅದರ ಮುಂದಿನ ಶನಿವಾರ.

ಕಿಶೋರ್ ಕುಮಾರ್ ತೀರಿಕೊಂಡಿದ್ದು 1987ರ ಅಕ್ಟೋಬರ್ 13ಕ್ಕೆ. ಆಗ ರೇಡಿಯೋದಲ್ಲಿ ಬಂದ ಹಾಡುಗಳನ್ನು ಅಪ್ಪ ಒಂದು ಸಿ-60ರಲ್ಲಿ ಹಿಡಿದಿಟ್ಟಿದ್ದರು. ಮೇಲೆ ಕೆಂಪು ಇಂಕಿನಲ್ಲಿ 'ಮುಟ್ಟಬಾರದು' ಎಂದು ಬರೆದಿದ್ದರು. ಮೇಲಂಚಿನ ಎರಡು ಪ್ಲಾಸ್ಟಿಕ್ ಹಲ್ಲನ್ನೂ ಮುರಿದಿದ್ದರು. ಅವು ಮುರಿದರೆ ಆ ಕ್ಯಾಸೆಟ್ಟಿನ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ಆದರೆ ಆ ತೂತಿಗೆ ಸೆಲ್ಲೋ ಟೇಪ್ ಅಂಟಿಸಿದರೆ ಆಗುತ್ತದೆ ಅನ್ನುವುದು ಹನ್ನೊಂದು ವರ್ಷದ ನನಗೆ ಗೊತ್ತಿತ್ತು. 1988ರ ಏಪ್ರಿಲ್ ಕೊನೆಗೆ 'ಕಯಾಮತ್ ಸೇ ಕಯಾಮತ್ ತಕ್' ಬಂತು. ಆಮಿರ್ ಖಾನ್ ಗಿಟಾರ್ ಹಿಡಿದು ನಿಂತ ಹಾಡು ಎಲ್ಲರ ಬಾಯಲ್ಲೂ. ಖಾಲಿ ಕ್ಯಾಸೆಟ್ಟಿಗೆ ನನ್ನ ಹತ್ತಿರ ದುಡ್ಡೆಲ್ಲಿ?

ಭಾಯ್ ಕ್ಯಾಸೆಟ್ ಕೈಗೆತ್ತಿಕೊಂಡಾಗಲೇ ಹಳದಿಗಟ್ಟಿದ ಸೆಲ್ಲೋ ಟೇಪ್ ನೋಡಿ ನನ್ನ ಕಡೆ ಒಂದು ಸಲ ನೋಡಿದರು. ಮಾತಾಡಲಿಲ್ಲ. ಹಾಕಿದರು. 'ಓ ಮೇರೇ ದಿಲ್ ಕೇ ಚೈನ್'. ಅಪ್ಪ ಕಣ್ಣು ಮುಚ್ಚಿ ತೊಡೆ ಮೇಲೆ ತಾಳ ಹಾಕುತ್ತಿದ್ದರು. ನಡುವೆ ಟಕ್ ಅಂತ ಒಂದು ಶಬ್ದ. ಉದಿತ್ ನಾರಾಯಣ್, 'ಪಾಪಾ ಕೆಹತೇ ಹೈ'.

ಅಪ್ಪನ ಕೈ ನಿಂತಿತು. ಗಲ್ಲಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು, ಅದೊಂದೇ ಸದ್ದು. 37 ವರ್ಷ ಆ ಮನುಷ್ಯ ಟೂ-ಇನ್-ಒನ್ (ರೇಡಿಯೋ, ಟೇಪ್ ರೆಕಾರ್ಡರ್ ಎರಡೂ ಇರುವ ಸೆಟ್ಟು) ಕೆಟ್ಟಿದೆ ಅಂದುಕೊಂಡಿದ್ದರಂತೆ. ಅಮ್ಮನ ಮೇಲೂ ಅನುಮಾನ ಇತ್ತಂತೆ. ನನಗೆ ನಲವತ್ತೆಂಟಾದರೂ ಕಿವಿ ಬಿಸಿಯಾಯಿತು.

ಕಾಪಾಡಿದ್ದು ಭಾಯ್. "ಸಾರ್, ಎರಡೂ ಹಾಡು ಬರೆದಿದ್ದು ಒಬ್ಬರೇ. ಮಜ್ರೂಹ್ ಸುಲ್ತಾನ್‌ಪುರಿ. ಮಗು ಮಜ್ರೂಹ್ ಸಾಬ್ ಮೇಲೆ ಮಜ್ರೂಹ್ ಸಾಬ್‌ರನ್ನೇ ಬರೆದಿದೆ. ಬೇರೆ ಯಾರನ್ನೂ ಬರೆದಿಲ್ಲ" ಎಂದರು. ನಿಜ. 1946ರಲ್ಲಿ ಗಾಯಕ ಸೈಗಲ್‌ಗೆ 'ಜಬ್ ದಿಲ್ ಹೀ ಟೂಟ್ ಗಯಾ' ಬರೆದ ಮನುಷ್ಯನೇ 1988ರಲ್ಲಿ ಕಾಲೇಜು ಹುಡುಗನ ಹಾಡೂ ಬರೆದಿದ್ದು. ಹಳೇ ಹಾಡು, ಹೊಸ ಹಾಡು ಅಂತ ನಮ್ಮ ಮನೆಯಲ್ಲಿ ಆಗುವ ಜಗಳದಲ್ಲಿ ಈ ಮಾತು ಯಾರಿಗೂ ಹೊಳೆದಿರಲಿಲ್ಲ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅರ್ಧಕ್ಕೇ ಕತ್ತರಿಸಬೇಕಿತ್ತಾ? ಹಾಡು ಮುಗಿದ ಮೇಲೆ ಶುರು ಮಾಡಬಾರದಿತ್ತಾ?" ಎಂದರು. ಅಷ್ಟೇ. ವಾಪಸ್ ಬರುವಾಗ ಶಿಡ್ಲಘಟ್ಟದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಮಾತ್ರ ಬಿಟ್ಟುಕೊಡಲಿಲ್ಲ.

ಇನ್ನೊಂದು ವಿಷಯದಲ್ಲೂ ಭಾಯ್ ನನಗೆ ಮೆಚ್ಚುಗೆಯಾದರು. ಟೂ-ಇನ್-ಒನ್ ಬರುವ ಮೊದಲು ಅಪ್ಪ ರೇಡಿಯೋ ಎದುರು ಸಣ್ಣ ಟೇಪ್ ರೆಕಾರ್ಡರ್ ಇಟ್ಟು ಹಿಡಿಯುತ್ತಿದ್ದರು. ಹಾಗಾಗಿ ಆ ಕ್ಯಾಸೆಟ್ಟುಗಳಲ್ಲಿ ಹಾಡಿನ ಹಿಂದೆ ಚರಕದ ಗಿರಗಿರ ಇದೆ. ಒಂದು ಕಡೆ ನಮ್ಮಜ್ಜಿ, "ಸೌದೆ ತಳ್ಳೇ, ನೀರು ಆರ್ತಾ ಇದೆ" ಎಂದು ಯಾರಿಗೋ ಬೈಯುವುದು ಕೇಳಿಸುತ್ತದೆ. ತೆಗೆಯಲಾ ಎಂದು ಭಾಯ್ ಕೇಳಿದರು. ನಾನು ಬೇಡ ಅಂದೆ. ಅಪ್ಪ, "ತೆಗೀರಿ ತೆಗೀರಿ. ಬದುಕಿದ್ದಾಗ ಬೈಸಿಕೊಂಡಿದ್ದು ಸಾಲದಾ? ಆ ಚರಕದ ಸದ್ದಿಗೇ ಅರ್ಧ ಕಿವಿ ಹೋಗಿದೆ" ಎಂದರು. ಕೊನೆಗೆ ಎರಡು ಫೋಲ್ಡರ್ ಮಾಡಿಕೊಟ್ಟರು. ಒಂದರಲ್ಲಿ ಇದ್ದದ್ದು ಇದ್ದ ಹಾಗೆ. ಇನ್ನೊಂದರಲ್ಲಿ ಗಿರಗಿರ ಕಡಿಮೆ. ಪೂರ್ತಿ ಹೋಗಲ್ಲ, ಜಾಸ್ತಿ ತೆಗೆದರೆ ಹಾಡೂ ಹೋಗುತ್ತದೆ ಎಂದು ಮೊದಲೇ ಹೇಳಿದ್ದರು. ಎರಡನೇ ಫೋಲ್ಡರ್‌ಗೆ ದುಡ್ಡು ತಗೊಳ್ಳಲಿಲ್ಲ.

ದೂರೂ ಇದೆ. ಫೈಲುಗಳಿಗೆ ಹೆಸರಿಲ್ಲ. ಸೈಡ್ 1, ಸೈಡ್ 2 ಅಷ್ಟೇ. ಒಂದು ಹಾಡು ಬೇಕೆಂದರೆ ಅರ್ಧ ಗಂಟೆಯ ಫೈಲಿನಲ್ಲಿ ತಡಕಾಡಬೇಕು. ಹಾಡು ಹಾಡಾಗಿ ಕತ್ತರಿಸಿ ಹೆಸರು ಹಾಕಿಕೊಡಿ ಎಂದರೆ, "ನನ್ನ ಸ್ಪೆಲ್ಲಿಂಗ್ ನೋಡಿದರೆ ನೀವು ಬೆತ್ತ ಹಿಡೀತೀರಿ" ಎಂದು ತಪ್ಪಿಸಿಕೊಂಡರು. ಈಗ ಆ ಕೆಲಸ ನನ್ನ ಮಗಳು ಮಾಡುತ್ತಿದ್ದಾಳೆ. 2023ರಲ್ಲಿ 'ಪಠಾಣ್', 'ಜವಾನ್' ಎರಡಕ್ಕೂ ಮೊದಲ ವಾರವೇ ಬೆಂಗಳೂರಿಗೆ ಓಡಿದವಳು ಅವಳು. ತಾತನಿಂದ ಹಾಡಿಗೆ ಹತ್ತು ರೂಪಾಯಿ ವಸೂಲಿ ಮಾಡುತ್ತಿದ್ದಾಳೆ. ತಾತ ಹಾಡು ಹೇಳುತ್ತಾರೆ, ಇವಳು ಟೈಪ್ ಮಾಡುತ್ತಾಳೆ. ನಡುನಡುವೆ, "ಇದು ಚೆನ್ನಾಗಿದೆ ತಾತ, ನನ್ನ ಮೊಬೈಲಿಗೂ ಹಾಕ್ಕೊತೀನಿ" ಅನ್ನುತ್ತಾಳೆ. ಅದಕ್ಕೆ ತಾತ ವಾಪಸ್ ಹತ್ತು ರೂಪಾಯಿ ಕೇಳುತ್ತಾರೆ.

ಖರ್ಚು: ಸಿ-60ಕ್ಕೆ ನೂರು ರೂಪಾಯಿ, ಸಿ-90ಕ್ಕೆ ನೂರೈವತ್ತು. ಸ್ಪಂಜು ಹಾಕಿದ್ದಕ್ಕೆ ಒಂದಕ್ಕೆ ಮೂವತ್ತು. ನಮಗೆ 4,880 ಆಯಿತು, 4,800 ತಗೊಂಡರು. ಪೆನ್‌ಡ್ರೈವ್ ನೀವೇ ತಗೊಂಡು ಹೋಗಿ. ಎಂಪಿ3 ಮಾತ್ರ ಸಾಕೆಂದರೆ 16 ಜಿಬಿಯಲ್ಲಿ ಬೇಕಾದಷ್ಟು ಹಿಡಿಯುತ್ತದೆ. ಆದರೆ ದನಿಯನ್ನು ಕುಗ್ಗಿಸದೆ ಇಡುವ ವೇವ್ ಫೈಲ್ ಕೂಡ ಕೇಳಿ ಇಸಕೊಳ್ಳಿ. ಗಂಟೆಗೆ ಆರುನೂರು ಎಂಬಿ ಮೇಲೆಯೇ ತಿನ್ನುತ್ತದೆ, ಅದಕ್ಕೆ ದೊಡ್ಡ ಡ್ರೈವ್ ಬೇಕು. ಕೇಳದಿದ್ದರೆ ಅವರು ಕೊಡುವುದಿಲ್ಲ. ಕ್ಯಾಸೆಟ್ಟುಗಳನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ.

ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಜುಲೈ 31ಕ್ಕಂತೂ ಕೆಲಸವೇ ಇಲ್ಲ. 1980ರಲ್ಲಿ ರಫಿ ತೀರಿಕೊಂಡ ದಿನ ಅದು. ಬೆಳಿಗ್ಗೆಯಿಂದ ರಾತ್ರಿವರೆಗೆ ಅಂಗಡಿಯಲ್ಲಿ ಅವರ ಹಾಡು ಮಾತ್ರ, ಹೋದವರಿಗೆಲ್ಲ ಟೀ. ಕಿಶೋರ್ ಕ್ಯಾಸೆಟ್ ಹಿಡಿದುಕೊಂಡು ಆವತ್ತು ಹೋಗಬೇಡಿ. ಅಪ್ಪ ಹೋಗಿದ್ದರು. ಟೀ ಕೊಟ್ಟರಂತೆ, ಸಕ್ಕರೆ ಇರಲಿಲ್ಲವಂತೆ.