ಗಾಂಧಿ ಬಜಾರಿನ ಸಂಜೆಗೆ ನಿಕಾನ್ 35 ಎಂಎಂ ಎಫ್ 1.8ಜಿ

ಬೀದಿ ಫೋಟೋ ತೆಗೆಯೋಕೆ ಮೊದಲ ಲೆನ್ಸ್ ಯಾವುದು ತಗೊಳ್ಳಲಿ ಅಂತ ಕೇಳುವವರಿಗೆ ನನ್ನದು ಒಂದೇ ಉತ್ತರ. ಕೈಯಲ್ಲಿರುವುದು ನಿಕಾನ್‌ನ ಡಿಎಕ್ಸ್ (ಚಿಕ್ಕ ಸೆನ್ಸರಿನ) ಕ್ಯಾಮೆರಾ ಆದರೆ ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್ 1.8ಜಿ ತಗೊಳ್ಳಿ. 2009ರಲ್ಲಿ ಬಂದ ಲೆನ್ಸ್, ಹಳೆಯದು ಅಂತ ಬಿಡಬೇಡಿ. ನನಗೆ ಸೆಕೆಂಡ್ ಹ್ಯಾಂಡ್ ಆಗಿ 8,500 ರೂಪಾಯಿಗೆ ಸಿಕ್ಕಿತು. ಡಿ3500ಗೆ ಹಾಕಿಕೊಂಡು ಓಡಾಡುತ್ತಿದ್ದೇನೆ. ಸುಮಾರು 200 ಗ್ರಾಂ ಅಷ್ಟೇ, ಕುತ್ತಿಗೆಗೆ ಭಾರ ಅನ್ನಿಸುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಶಾಲೆ ಬಿಟ್ಟು ಗಾಂಧಿ ಬಜಾರ್ ಮುಟ್ಟುವಾಗ ಐದು ದಾಟಿರುತ್ತದೆ. ಶಿವಮೊಗ್ಗದ ಮಳೆಗಾಲ ಗೊತ್ತಲ್ಲ, ಜುಲೈಯಲ್ಲಿ ಆ ಹೊತ್ತಿಗೇ ಅಂಗಡಿಗಳಲ್ಲಿ ಲೈಟ್ ಹಾಕಿರುತ್ತಾರೆ. ಕ್ಯಾಮೆರಾ ಜೊತೆ ಬರುವ 18-55 ಲೆನ್ಸ್ ಇಲ್ಲಿ ಸೋಲುತ್ತದೆ. 35ರ ಹತ್ತಿರ ಅದರ ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಎಫ್ 4.5ಕ್ಕಿಂತ ದೊಡ್ಡದಾಗಿ ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಈ ಲೆನ್ಸ್ 1.8ರಲ್ಲಿ ಅದರ ಆರು ಪಟ್ಟಿಗೂ ಜಾಸ್ತಿ ಬೆಳಕು ಒಳಗೆ ಬಿಡುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಏರಿಸಿದಷ್ಟೂ ಫೋಟೋ ಕಾಳುಕಾಳಾಗುತ್ತದೆ) 6400 ಬೇಕಾದ ಜಾಗದಲ್ಲಿ 1000 ಸಾಕು. ಇದರಲ್ಲಿ ವಿಆರ್ (ಅಲುಗಾಟ ತಡೆಯುವ ವ್ಯವಸ್ಥೆ) ಇಲ್ಲ, ನಿಜ. ಆದರೆ ವಿಆರ್ ತಡೆಯುವುದು ನಮ್ಮ ಕೈ ನಡುಕವನ್ನು. ನಡೆದು ಹೋಗುವವರು ಮಸುಕಾಗಬಾರದು ಅಂದರೆ ಶಟರ್ ವೇಗವೇ ಬೇಕು, ಅದಕ್ಕೆ ಬೆಳಕು ಬೇಕು.

ಎಲ್ಲರೂ 50 ಎಂಎಂ ಲೆನ್ಸ್ ತಗೋ ಅಂತಾರಲ್ಲ, ಅದು ಯಾಕೆ ಬೇಡ? ಡಿಎಕ್ಸ್ ಸೆನ್ಸರಿನ ಅಗಲ 23.5 ಮಿಲಿಮೀಟರ್. ಎರಡು ಮೀಟರ್ ದೂರದಿಂದ ಅಡ್ಡ ಫ್ರೇಮ್ ಹಿಡಿದರೆ 35ರಲ್ಲಿ ಸುಮಾರು 1.3 ಮೀಟರ್ ಅಗಲದ ದೃಶ್ಯ ಸಿಗುತ್ತದೆ. 50ರಲ್ಲಿ 90 ಸೆಂಟಿಮೀಟರಿಗಿಂತ ಸ್ವಲ್ಪವೇ ಜಾಸ್ತಿ. ಹೂವಿನವರ ಮುಂದೆ ನಿಂತು ನೋಡಿ. 50ರಲ್ಲಿ ಮುಖ ಬಂದರೆ ಬುಟ್ಟಿ ಹೋಗುತ್ತದೆ. ಹಿಂದೆ ಸರಿಯೋಣ ಅಂದರೆ ಬೆನ್ನಿಗೆ ಸ್ಕೂಟರ್ ತಾಗುತ್ತದೆ. 35ರಲ್ಲಿ ಮುಖ, ಮಾಲೆ ಕಟ್ಟುವ ಕೈ, ಸೇವಂತಿಗೆ ಬುಟ್ಟಿ ಮೂರೂ ಬರುತ್ತವೆ. ನನಗೆ ಆ ಕೈ ಬೇಕು. ಕೈ ಇಲ್ಲದಿದ್ದರೆ ಅದು ಯಾವ ಊರಿನ ಯಾರ ಫೋಟೋ ಬೇಕಾದರೂ ಆಗಬಹುದು.

ಜೂಮ್ ಇಲ್ಲದ್ದರಿಂದ ಹತ್ತಿರ ಹೋಗಲೇಬೇಕು, ಹೋದರೆ ಮಾತಾಡಲೇಬೇಕು. ಹೂ ಮಾರುವ ಅಮ್ಮ ಒಬ್ಬರು, "ನನ್ದೆಂತಕ್ಕೆ ಟೀಚರ್, ಹೂವಿಂದು ತೆಗೀರಿ" ಅಂದರು. ಹೂವಿಂದೇ ತೆಗೆದು ತೋರಿಸಿದೆ. ಆಮೇಲೆ ಸೆರಗು ಸರಿ ಮಾಡಿಕೊಂಡು ಅವರೇ ಕೂತರು. ದೂರದಿಂದ ಕದ್ದು ತೆಗೆಯುವುದಕ್ಕಿಂತ ಇದು ನನಗೆ ಎಷ್ಟೋ ಸಮಾಧಾನ.

ಕೊರತೆ ಇಲ್ಲವೇ? ಇದೆ. 1.8ರಲ್ಲಿ ಟ್ಯೂಬ್‌ಲೈಟಿನ ಅಂಚಿಗೆ ನೇರಳೆ ಬಣ್ಣ ಹತ್ತಿಕೊಳ್ಳುತ್ತದೆ. ಅಪರ್ಚರ್ 2.8ಕ್ಕೆ ಕಿರಿದು ಮಾಡಿದರೆ ತುಂಬಾ ಕಡಿಮೆಯಾಗುತ್ತದೆ. ಅಂಗಡಿಯ ರೋಲಿಂಗ್ ಶಟರ್ ನೇರವಾಗಿ ತೆಗೆದರೆ ಗೆರೆಗಳು ಸ್ವಲ್ಪ ಹೊರಕ್ಕೆ ಬಾಗಿ ಕಾಣುತ್ತವೆ. ಮಬ್ಬು ಬೆಳಕಿನಲ್ಲಿ ಫೋಕಸ್ ತಡವರಿಸುವುದೂ ಉಂಟು. ಜೋರು ಮಳೆಗಂತೂ ಹೊರಗೆ ತೆಗೆಯಬೇಡಿ. ಕ್ಯಾಮೆರಾಗೆ ಕೂರುವ ಮೌಂಟ್ ಹತ್ತಿರ ಒಂದು ರಬ್ಬರ್ ರಿಂಗ್ ಇದೆ, ಉಳಿದ ಕಡೆ ನೀರಿಗೆ ತಡೆ ಇಲ್ಲ. ಲೆನ್ಸ್ ಮುಂದೆ ಮರೆಯಾಗಿ ನಿಲ್ಲುವ ಹುಡ್ ಹಾಕಿಕೊಂಡರೆ ಜಿಟಿಜಿಟಿ ಮಳೆ ನಡೆಯುತ್ತದೆ.

ಕಡಿಮೆಗೆ ಸಿಗುತ್ತೆ ಅಂತ ಹಳೆಯ 50 ಎಂಎಂ 1.8ಡಿ ತಗೊಂಡರೆ ಡಿ3500, ಡಿ5600 ಥರದ ಕ್ಯಾಮೆರಾಗಳಲ್ಲಿ ಆಟೋಫೋಕಸ್ ಆಗುವುದಿಲ್ಲ. ಆ ಕ್ಯಾಮೆರಾಗಳೊಳಗೂ ಫೋಕಸ್ ಮೋಟರ್ ಇಲ್ಲ, ಆ ಲೆನ್ಸಿನೊಳಗೂ ಇಲ್ಲ. ಲೆನ್ಸ್ ಮೇಲೆ ಎಎಫ್-ಎಸ್ ಅಂತ ಬರೆದಿದೆಯಾ ನೋಡಿ, ಹಾಗಿದ್ದರೆ ಮೋಟರ್ ಲೆನ್ಸಿನಲ್ಲೇ ಇದೆ ಅಂತ ಅರ್ಥ. ಕ್ಯಾನನ್‌ನ ಎಪಿಎಸ್-ಸಿ (ಡಿಎಕ್ಸ್ ಥರದ್ದೇ ಚಿಕ್ಕ ಸೆನ್ಸರಿನ) ಡಿಎಸ್‌ಎಲ್‌ಆರ್ ಇರುವವರು ಇಎಫ್-ಎಸ್ 24 ಎಂಎಂ ಎಫ್ 2.8 ಎಸ್‌ಟಿಎಂ ನೋಡಿ, 125 ಗ್ರಾಂನ ಚಪ್ಪಟೆ ಲೆನ್ಸ್.

ನಮ್ಮ ಮಲೆನಾಡಿನಲ್ಲಿ ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳುವಾಗ ಮೊದಲು ಬೂಷ್ಟು ನೋಡಬೇಕು. ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ. ಮನೆಗೆ ತಂದ ಮೇಲೂ ಬೀರುವಿನಲ್ಲಿ ಬಟ್ಟೆ ನಡುವೆ ಇಡಬೇಡಿ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗಾಗ ಅದನ್ನು ಬದಲಿಸುತ್ತಿರಿ.