ದಾವಣಗೆರೆ ಭಟ್ಟಿ ಏರಿಯಾದ ರೇಷನ್ ಸಹಾಯ ಕೇಂದ್ರ: ಜೆರಾಕ್ಸ್ ಅಂಗಡಿಯವಳು ಕಂಡಂತೆ

ದಾವಣಗೆರೆಯಲ್ಲಿ ರೇಷನ್ ಕಾರ್ಡಿನ ಕೆಲಸಕ್ಕೆ ಓಡಾಡಿ ಸಾಕಾದವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಮಂಡಕ್ಕಿ ಭಟ್ಟಿಗಳ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ, ಆನ್‌ಲೈನ್ ಅರ್ಜಿಯನ್ನೂ ಹಾಕಿಕೊಡುತ್ತೇನೆ. ಪಕ್ಕದ ಬೀದಿಯ ಒಂದು ರೂಮಿನಲ್ಲಿ ಆಹಾರದ ಹಕ್ಕಿಗಾಗಿ ಕೆಲಸ ಮಾಡುವ ಸಂಸ್ಥೆಯವರು ಸಹಾಯ ಕೇಂದ್ರ ನಡೆಸುತ್ತಾರೆ. ಇಬ್ಬರು ಹುಡುಗಿಯರು, ಒಬ್ಬ ಹುಡುಗ, ಎಲ್ಲ ನೋಡಿಕೊಳ್ಳುವ ಒಬ್ಬರು ಮೇಡಂ. ಇಷ್ಟೇ ಜನ. ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಹಿಂದೆ ಯಾರೋ ಆ ಹೆಸರು ಹೇಳಿಕೊಂಡು ಮನೆಮನೆಯಲ್ಲಿ ದುಡ್ಡು ಎತ್ತಿದ್ದರಂತೆ, ಅದಕ್ಕೇ ಮೇಡಂ ಬೇಡ ಅಂದರು. ಭಟ್ಟಿ ಕಡೆ ಬಂದು ರೇಷನ್ ಹುಡುಗಿಯರು ಎಲ್ಲಿ ಕೂರುತ್ತಾರೆ ಅಂತ ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ.

ಅವರ ಹತ್ತಿರ ಪ್ರಿಂಟರ್ ಇಲ್ಲ, ಹಾಗಾಗಿ ಅರ್ಜಿಗಳೆಲ್ಲ ನನ್ನ ಅಂಗಡಿಯಲ್ಲೇ ಪ್ರಿಂಟ್ ಆಗುತ್ತವೆ. ಇದನ್ನು ಮುಚ್ಚಿಡುವುದಿಲ್ಲ. ಎಲ್ಲರಂತೆ ಅವರೂ ಪುಟಕ್ಕೆ ಇಷ್ಟು ಅಂತ ಕೊಟ್ಟು ಹೋಗುತ್ತಾರೆ. ಅವರ ಕೆಲಸ ನನಗೆ ಗೊತ್ತಾಗಿದ್ದೂ ಆ ಕಾಗದಗಳಿಂದಲೇ.

ಇಲ್ಲಿ ಅಕ್ಕಿ ಹಂಚುವುದಿಲ್ಲ. ಕಿಟ್ ಕೊಡುವುದಿಲ್ಲ. ಕೊಡುತ್ತಾರೆ ಅಂದುಕೊಂಡು ಚೀಲ ಹಿಡಿದು ಬಂದವರನ್ನು ನಾನೇ ನೋಡಿದ್ದೇನೆ. ಸರ್ಕಾರ ಕೊಡಲೇಬೇಕು ಅಂತ ಕಾಯಿದೆಯಲ್ಲಿ ಇರುವುದು ನಿಮ್ಮ ಮನೆಗೆ ಬರುತ್ತಿದೆಯಾ, ಬರದಿದ್ದರೆ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಹುಡುಕಿ ಬಿಡಿಸುವುದು ಇವರ ಕೆಲಸ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಪ್ರಕಾರ ಬಿಪಿಎಲ್ ಕಾರ್ಡಿನಲ್ಲಿ ತಲೆಗೆ ತಿಂಗಳಿಗೆ 5 ಕೆಜಿ ಧಾನ್ಯ. ಕಡುಬಡವರ ಅಂತ್ಯೋದಯ ಕಾರ್ಡಾದರೆ ಮನೆಗೆ 35 ಕೆಜಿ. ಅನ್ನಭಾಗ್ಯ ಅಂತ ನಮ್ಮ ರಾಜ್ಯ ಸರ್ಕಾರ ಅದರ ಮೇಲೆ ಸೇರಿಸಿ ಕೊಡುತ್ತದೆ. ಇಷ್ಟನ್ನು ರೂಮಿನ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದ್ದಾರೆ. ಓದಲು ಬಾರದವರಿಗೆ ಆ ಹುಡುಗ ಓದಿ ಹೇಳುತ್ತಾನೆ, ಪ್ರತಿ ಸಲ, ಬೇಜಾರಿಲ್ಲದೆ.

ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ವಯಸ್ಸೆಲ್ಲ ಭಟ್ಟಿಯಲ್ಲೇ ಕಳೆದವರು. ಕಾದ ಮರಳಿನ ಮುಂದೆ ಕೂತು ಅಕ್ಕಿ ಹುರಿಯುವ ಕೆಲಸ ಅದು. ನ್ಯಾಯಬೆಲೆ ಅಂಗಡಿಯ ಮೆಷಿನ್ ಮೇಲೆ ಅವರು ಹೆಬ್ಬೆಟ್ಟಿಟ್ಟರೆ ಕೆಂಪು ದೀಪ. ಎರಡು ತಿಂಗಳು ಬರಿ ಚೀಲ ಹಿಡಿದು ವಾಪಸ್ ಬಂದಿದ್ದರು. ಮೂರನೇ ತಿಂಗಳು ಯಾರೋ ನನ್ನ ಅಂಗಡಿಗೆ ಕಳಿಸಿದರು, ನಾನು ಪಕ್ಕದ ಬೀದಿಗೆ ಕರೆದುಕೊಂಡು ಹೋದೆ.

"ಬರ್ರಿ ಅಜ್ಜಿ, ಮೊದ್ಲು ಕುತ್ಕಳ್ರಿ," ಅಂತ ಚಿಕ್ಕ ಹುಡುಗಿ ಕುರ್ಚಿ ಕೊಟ್ಟಳು. ಅವಳ ತಾಯಿಯೂ ಭಟ್ಟಿ ಕೆಲಸದವರೇ. ಅಜ್ಜಿಯ ಕೈ ಹಿಡಿದು ಬೆಳಕಿಗೆ ತಿರುಗಿಸಿ ಒಂದೊಂದೇ ಬೆರಳು ನೋಡಿದಳು.

"ಸವದೋಗ್ಯಾವೆ ಕಣವ್ವ, ಏನೂ ಉಳಿದಿಲ್ಲ," ಅಂದರು ಅಜ್ಜಿ.

"ಹತ್ತೂ ಬೆರಳು ನೋಡ್ಯಾರೇನು ಅಂಗಡೀಲಿ?"

ನೋಡಿರಲಿಲ್ಲ. ಬರೀ ಹೆಬ್ಬೆಟ್ಟು ಇಡಿಸಿ ಮುಂದಿನವರನ್ನು ಕರೆದಿದ್ದರು. ಹುಡುಗಿ ಬಿಸಿನೀರಲ್ಲಿ ಕೈ ತೊಳೆಸಿ, ಒಣಬಟ್ಟೆಯಲ್ಲಿ ಒರೆಸಿ, ಅಂಗಡಿಗೆ ತಾನೇ ಜೊತೆಗೆ ಹೋದಳು. ಎಡಗೈ ಉಂಗುರದ ಬೆರಳು ಹಿಡಿಯಿತು. ಅವತ್ತೇ ಅಕ್ಕಿ ಸಿಕ್ಕಿತು.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಬಿಡುತ್ತಿದ್ದರು. ಇವರು ಬಿಡಲಿಲ್ಲ. ಬೆರಳು ಬರಲಿಲ್ಲ ಅಂತ ರೇಷನ್ ಇಲ್ಲ ಅನ್ನಬಾರದು ಅಂತ ಕೇಂದ್ರ ಸರ್ಕಾರವೇ 2017ರಲ್ಲಿ ಸೂಚನೆ ಕೊಟ್ಟಿದೆ. ಅದನ್ನು ಹಾಕಿ, ಹೋದ ಎರಡು ತಿಂಗಳ ಅಕ್ಕಿ ಕೇಳಿ ಆಹಾರ ಇಲಾಖೆಗೆ ಅರ್ಜಿ ಬರೆದರು. ನಾನೇ ಪ್ರಿಂಟ್ ಹಾಕಿದ್ದು. ಅರ್ಧ ಪುಟ, ಅಷ್ಟೇ. ಕಾರ್ಡ್ ನಂಬರು, ಯಾವ ತಾರೀಖು ಹೋಗಿದ್ದರು, ಏನು ಹೇಳಿ ಕಳಿಸಿದರು, ಏನು ಬೇಕು. ಕೈಮುಗಿದು ಬೇಡಿಕೊಳ್ಳುವ ಮಾತು ಒಂದೂ ಇರಲಿಲ್ಲ. "ದಯಮಾಡಿ ಬಡವಳ ಮೇಲೆ ಕರುಣೆ ತೋರಿ" ಅಂತ ಬರೆಯುವುದು ನಮ್ಮ ಕಡೆ ರೂಢಿ. ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಅಂಥ ಮಾದರಿ ಅರ್ಜಿಗಳು ಬೇಕಾದಷ್ಟಿವೆ. ಮೇಡಂ ಆ ಸಾಲನ್ನು ಅಳಿಸಿಸುತ್ತಾರೆ. ಎರಡು ಪ್ರತಿ ತೆಗೆದು ಒಂದನ್ನು ಆಫೀಸಿಗೆ ಕೊಟ್ಟು ಇನ್ನೊಂದಕ್ಕೆ ಸೀಲು, ಸಹಿ ಹಾಕಿಸಿಕೊಂಡೇ ಬರುತ್ತಾರೆ. ಆಗಲ್ಲ ಅಂದರೆ ಅದನ್ನೇ ಹಿಂಬರಹವಾಗಿ ಬರೆದು ಕೊಡಿ ಅನ್ನುತ್ತಾರೆ. ಬಾಯಲ್ಲಿ "ಆಗಲ್ಲ ಹೋಗಮ್ಮ" ಅನ್ನುವವರು ಕಾಗದದ ಮೇಲೆ ಅದನ್ನು ಬರೆಯಲು ಹಿಂದೆಮುಂದೆ ನೋಡುತ್ತಾರೆ, ಅಲ್ವಾ? ಅಜ್ಜಿಗೆ ಒಂದು ತಿಂಗಳ ಬಾಕಿ ಬಂತು. ಇನ್ನೊಂದು ತಿಂಗಳದ್ದು ಇನ್ನೂ ಓಡಾಟದಲ್ಲಿದೆ.

ಅದೇ ಅಜ್ಜಿ ಇನ್ನೊಂದು ದಿನ ಅಕ್ಕಿ ಗಂಟು ಹಿಡಿದು ನೇರವಾಗಿ ನನ್ನ ಅಂಗಡಿಗೇ ಬಂದರು. ಪ್ಲಾಸ್ಟಿಕ್ ಅಕ್ಕಿ ಕೊಟ್ಟಿದ್ದಾರೆ ಅಂತ ಗಾಬರಿ. ಹುಡುಗಿಯನ್ನು ಕರೆಸಿದೆ. ಅವಳು ಕೌಂಟರಿನ ಗಾಜಿನ ಮೇಲೆ ಒಂದು ಹಿಡಿ ಅಕ್ಕಿ ಹರಡಿ, ಬಣ್ಣದಲ್ಲಿ ಸ್ವಲ್ಪ ಬೇರೆಯಾಗಿದ್ದ ನುಣುಪು ಕಾಳುಗಳನ್ನು ಉಗುರಿನಿಂದ ಬದಿಗೆ ಸರಿಸಿದಳು. ಅದು ಸಾರವರ್ಧಿತ ಅಕ್ಕಿ ಅಂತೆ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಸಿಡ್, ಬಿ12 ಕಲಸಿ ಮತ್ತೆ ಕಾಳಿನ ಆಕಾರಕ್ಕೆ ತಂದು, ನೂರು ಕಾಳಿಗೆ ಒಂದರಂತೆ ಮಾಮೂಲಿ ಅಕ್ಕಿಗೆ ಬೆರೆಸಿದ್ದರು. 2024ರ ಮಾರ್ಚ್ ಹೊತ್ತಿಗೆ ದೇಶದ ರೇಷನ್ ಅಂಗಡಿಗಳಿಗೆಲ್ಲ ಇದೇ ಬರುವಂತಾಗಿತ್ತು. ರಕ್ತ ಕಡಿಮೆ ಇರುವವರಿಗೆ ಒಳ್ಳೆಯದಾಗಲಿ ಅಂತ ಹಾಕಿರುವುದನ್ನೇ ನಮ್ಮ ಹೆಂಗಸರು ಮೊರದಲ್ಲಿ ಕೇರಿ, ಆರಿಸಿ ಬಿಸಾಕುತ್ತಿದ್ದರು. ಯಾರೂ ಅವರಿಗೆ ಹೇಳಿರಲೇ ಇಲ್ಲ! ಜಾಸ್ತಿ ತಿಕ್ಕಿ ತೊಳೆಯಬೇಡಿ, ಗಂಜಿ ಬಸಿದು ಚೆಲ್ಲಬೇಡಿ ಅಂತಲೂ ಹೇಳಿದಳು. ಮನೆಯಲ್ಲಿ ಯಾರಿಗಾದರೂ ಥಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿ ಊಟ ಮಾಡಿ ಅಂದಳು. ಅಜ್ಜಿ ಗಂಟು ಕಟ್ಟಿಕೊಂಡು ಹೊರಟವರು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಹೋದರು.

2023ರ ಜುಲೈನಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಕೆಜಿಗೆ ₹34ರಂತೆ ತಲೆಗೆ ₹170 ಖಾತೆಗೆ ಬರುತ್ತಿತ್ತು, ನೆನಪಿದೆಯಾ? 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯೇ ಬಂತು. ದುಡ್ಡು ಬರುತ್ತಿದ್ದ ಆ ದಿನಗಳಲ್ಲಿ ಪಾಸ್‌ಬುಕ್ ಹಿಡಿದು ಸಾಲುಗಟ್ಟಿದವರನ್ನು ನೋಡಿದ್ದೇನೆ. ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ, ಇಲ್ಲವೇ ಕಾರ್ಡಿನಲ್ಲಿ ಯಜಮಾನಿ ಅಂತ ಇದ್ದವರು ತೀರಿಹೋಗಿದ್ದರು. ಈ ತಂಡದವರು ಒಬ್ಬೊಬ್ಬರ ಜೊತೆ ಬ್ಯಾಂಕಿಗೆ ಹೋದರು. ಕಾಯಿದೆ ಪ್ರಕಾರ ಮನೆಯ 18 ತುಂಬಿದ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ. ಗಂಡ ಬಿಟ್ಟುಹೋಗಿ, ಹೆಸರು ಮಾತ್ರ ಇನ್ನೂ ಅತ್ತೆಮನೆ ಕಾರ್ಡಿನಲ್ಲೇ ಉಳಿದ ಹೆಣ್ಣುಮಕ್ಕಳ ಕೇಸುಗಳು ತುಂಬ ಬರುತ್ತವೆ. ಅಲ್ಲಿ ಹೆಸರು ತೆಗೆಸದೆ ಇಲ್ಲಿ ಸೇರಿಸಲು ಬರುವುದಿಲ್ಲ, ಅಲ್ಲಿಯವರು ತೆಗೆಸುವುದಿಲ್ಲ. ಇಂಥದ್ದನ್ನು ಮೇಡಂ ತಾವೇ ತಗೊಳ್ಳುತ್ತಾರೆ.

ಜಗಳೂರು, ಹರಪನಹಳ್ಳಿ ಕಡೆಯಿಂದ ಕೆಲಸಕ್ಕೆ ಬಂದವರಿಗೆ ಕಾರ್ಡ್ ಊರಲ್ಲೇ ಇದ್ದರೂ ಇಲ್ಲಿಯ ಅಂಗಡಿಯಲ್ಲಿ ರೇಷನ್ ತಗೋಬಹುದು ಅಂತ ಗೊತ್ತೇ ಇರುವುದಿಲ್ಲ. ಅದನ್ನು ಹೇಳುತ್ತಾರೆ, ಮೊದಲ ಸಲ ಜೊತೆಗೂ ಹೋಗುತ್ತಾರೆ.

ನನಗೆ ತುಂಬ ಹಿಡಿಸಿದ್ದು ಅಂಗನವಾಡಿ ಊಟದ ವಿಷಯ. ಮಾತೃಪೂರ್ಣ ಯೋಜನೆ 2017ರಿಂದ ರಾಜ್ಯದ ಎಲ್ಲ ಕಡೆ ಇದೆ. ಬಸುರಿ, ಬಾಣಂತಿಯರಿಗೆ ಮಧ್ಯಾಹ್ನ ಅಂಗನವಾಡಿಯಲ್ಲೇ ಬಿಸಿ ಊಟ. ಆದರೆ ಕೂಲಿ ಬಿಟ್ಟು ಅಷ್ಟು ಹೊತ್ತಿಗೆ ಹೋಗುವುದು ಹೇಗೆ? ಬಸುರಿಯರು ಕೆಲಸದ ಜಾಗದಲ್ಲೇ ಒಂದಿಷ್ಟು ಮಂಡಕ್ಕಿ, ಚಹಾದಲ್ಲಿ ಮಧ್ಯಾಹ್ನ ಕಳೆಯುತ್ತಿದ್ದರು. ಸಂಸ್ಥೆಯ ಇಬ್ಬರು ಹುಡುಗಿಯರೂ ಭಟ್ಟಿ ಮಾಲೀಕರೊಬ್ಬರ ಹತ್ತಿರ ಹೋಗಿ ಕೂತು ಮಾತಾಡಿದರು. ಕೂಲಿ ಹಿಡಿಯದೆ ಊಟಕ್ಕೆ ಬಿಡುತ್ತೇನೆ ಅಂತ ಅವರು ಒಪ್ಪಿದರು. ಈಗ ಅಲ್ಲಿಂದ ಮೂವರು ಹೋಗಿ ಅನ್ನ, ಸಾಂಬಾರು, ಮೊಟ್ಟೆ ಊಟ ಮಾಡಿ ಬರುತ್ತಾರೆ. ಬೇರೆ ಮಾಲೀಕರು ಇನ್ನೂ ಒಪ್ಪಿಲ್ಲ. ಒಪ್ಪಬೇಕು. ನಾವು ಈ ಏರಿಯಾದವರು ಅವರನ್ನು ಕೇಳಲೂ ಬೇಕು.

ಕೊರತೆಗಳೂ ಇವೆ. ಕೇಂದ್ರ ತೆಗೆಯುವುದು ಬೆಳಿಗ್ಗೆ 11ಕ್ಕೆ, ಮುಚ್ಚುವುದು ಸಂಜೆ 5ಕ್ಕೆ. ಭಟ್ಟಿಯವರು ಆಗ ಕೆಲಸದಲ್ಲಿರುತ್ತಾರೆ. ವಾರಕ್ಕೆ ಎರಡು ದಿನವಾದರೂ ಸಂಜೆ 8ರವರೆಗೆ ತೆಗೆದಿರಬೇಕು ಅಂತ ಮೇಡಂಗೆ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ. ಫೋನ್ ಮಾಡಿದರೆ ಒಂದೇ ಸಲಕ್ಕೆ ಎತ್ತುವುದು ಕಡಿಮೆ. ಇನ್ನೊಂದು ದೊಡ್ಡ ತೊಂದರೆ, ಹುಡುಗರು ನಿಲ್ಲುವುದಿಲ್ಲ. ಪ್ರಾಜೆಕ್ಟ್ ಮುಗಿದರೆ ಸಂಬಳ ನಿಲ್ಲುತ್ತದೆ, ಕೆಲಸ ಕಲಿತವರು ಹೊರಟು ಹೋಗುತ್ತಾರೆ. ಹೋದವರ ಕೈಯಲ್ಲಿದ್ದ ಕೇಸುಗಳು ಹೊಸಬರಿಗೆ ಅರ್ಥವಾಗುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಇಂಥ ಕೆಲಸಕ್ಕೆ ದುಡ್ಡು ಕೊಡುವವರು ಒಂದೊಂದು ವರ್ಷಕ್ಕೆ ಅಂತ ಕೊಡಬಾರದು. ಹೊಸ ಬಿಪಿಎಲ್ ಕಾರ್ಡಿನ ವಿಷಯದಲ್ಲಂತೂ ಇವರ ಕೈಯಲ್ಲಿ ಹೆಚ್ಚೇನಿಲ್ಲ, ಸರ್ಕಾರ ಅರ್ಜಿಗೆ ಬಾಗಿಲು ತೆಗೆದಾಗಲೇ ಆಗಬೇಕು. ಆಗುತ್ತದೆ ಅಂತ ಸುಮ್ನೆ ಆಸೆ ಹುಟ್ಟಿಸದೆ ಮೊದಲ ದಿನವೇ ಹಾಗೆ ಹೇಳಿಬಿಡುತ್ತಾರೆ. ಅದು ನನಗೆ ಸರಿ ಅನ್ನಿಸುತ್ತದೆ. ಸಾವಿರಗಟ್ಟಲೆ ತಗೊಂಡು ಮಾಡಿಸಿಕೊಡುತ್ತೇನೆ ಅನ್ನುವ ಬ್ರೋಕರ್‌ಗಳು ಎಷ್ಟು ಜನರನ್ನು ಅಲೆಸಿದ್ದಾರೆ ಅಂತ ನನಗೆ ಗೊತ್ತು.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಸಂಜೆ ಹೊತ್ತು ತೆಗೆದ ದಿನ ಐದನೆಯದು.

ಹೋಗುವವರು ರೇಷನ್ ಕಾರ್ಡಿನ ಜೆರಾಕ್ಸ್, ಮನೆಯ ಎಲ್ಲರ ಆಧಾರ್, ಬ್ಯಾಂಕ್ ಪಾಸ್‌ಬುಕ್ ತಗೊಂಡು ಹೋಗಿ. ರೇಷನ್ ಇಲ್ಲ ಅಂತ ಕಳಿಸಿದ್ದರೆ ಯಾವ ತಾರೀಖು, ಏನು ಹೇಳಿದರು ಅಂತ ಬರೆದಿಟ್ಟುಕೊಳ್ಳಿ. ದೂರದಲ್ಲಿರುವವರು 1967ಕ್ಕೆ ಫೋನ್ ಮಾಡಿ ದೂರು ಕೊಡಬಹುದು, ದೂರಿನ ನಂಬರ್ ಕೇಳಿ ಬರೆದುಕೊಳ್ಳುವುದನ್ನು ಮರೆಯಬೇಡಿ. ಕೇಂದ್ರಕ್ಕೆ ಹೋಗುವಾಗ ಆಧಾರ್‌ಗೆ ಲಿಂಕ್ ಆಗಿರುವ ಫೋನ್ ಜೊತೆಗಿರಲಿ, ಮಗನ ಕೈಯಲ್ಲಿದ್ದರೆ ಮಗನನ್ನೂ ಕರೆದುಕೊಂಡು ಹೋಗಿ. ಓಟಿಪಿ ಬರುವುದು ಅದಕ್ಕೇ.